ನೀರಿಗೆ ಗಟ್ಟಿ, ಬಿಸಿಲಿಗೆ ಸೋಲು: ದೋಣಿಯ ಎಪಾಕ್ಸಿ ಲೇಪಕ್ಕೆ ಕಾಪು



ಒಕ್ಕಲುತನದ ಪುಟದಲ್ಲಿ ದೋಣಿಯ ಮಾತು ಯಾತಕ್ಕೆ ಎಂದು ಕೆಲವರು ಕೇಳಬಹುದು. ನಮ್ಮದು ಎರೆಮಣ್ಣಿನ ನಾಡು. ಜೋಳ, ತೊಗರಿ, ಸೋಯಾಬೀನ್, ಕಬ್ಬು ನಮ್ಮ ಬೆಳೆಗಳು. ಸಮುದ್ರವನ್ನು ಕಣ್ಣಾರೆ ಕಂಡವರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಆದರೂ ಉಮರ್ಗಾ ತಾಲೂಕಿನಲ್ಲಿ ತುರೋರಿ, ಜಕಾಪುರ, ಬೆಣ್ಣೆತೊರೆ ಮುಂತಾದ ನೀರಾವರಿ ಕೆರೆಗಳು ಆದ ಮೇಲೆ ದಂಡೆಯ ಊರುಗಳಿಗೆ ದೋಣಿಯ ಕೆಲಸ ಬಿದ್ದಿದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಪಂಪಿನ ಫುಟ್‌ವಾಲ್ವನ್ನು ಮುಂದಕ್ಕೆ ಒಯ್ಯಬೇಕು. ಮೀನಿನ ಬಲೆ ಬಿಡಬೇಕು, ಎತ್ತಬೇಕು. ಆಚೆ ದಂಡೆಯ ಹೊಲಕ್ಕೆ ಗೊಬ್ಬರದ ಚೀಲ ಸಾಗಿಸಬೇಕು. ಕೆಲವರು ಥರ್ಮೋಕೋಲಿನ ತೆಪ್ಪದ ಮೇಲೆ, ಕೆಲವರು ಲಾರಿಯ ಟ್ಯೂಬಿನ ಮೇಲೆ ಈ ಕೆಲಸ ಸಾಗಿಸುತ್ತಾರೆ. ಅನುಕೂಲವಿದ್ದವರು ನಾಲ್ಕಾರು ಜನ ಕೂಡಿ ಹಲಗೆಯ ದೋಣಿ ಮಾಡಿಸಿಕೊಳ್ಳುತ್ತಾರೆ.

ಈಚಿನ ವರ್ಷಗಳಲ್ಲಿ ಇಂಥ ದೋಣಿಗೆ ಡಾಂಬರಿನ ಬದಲು ಎಪಾಕ್ಸಿ ಎಂಬ ಲೇಪ ಹಚ್ಚುವ ರೂಢಿ ಬಂದಿದೆ. ಲೇಪವೇನೋ ಒಳ್ಳೆಯದು. ಆದರೆ ಅದರ ಗುಣವನ್ನು ಅರ್ಧ ತಿಳಿದುಕೊಂಡು ಬಳಸಿದರೆ ಹಣವೂ ಹಾಳು, ಜೀವಕ್ಕೂ ಅಪಾಯ. ಆ ಅರ್ಧ ತಿಳಿವಳಿಕೆಯಿಂದ ಕೆಟ್ಟ ಒಂದು ದೋಣಿಯ ಕಥೆಯನ್ನೂ, ಅದನ್ನು ಮತ್ತೆ ಸರಿಪಡಿಸಿದ ಕ್ರಮವನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಸಲಹೆ ಕೊಟ್ಟವನು ನಾನೇ

ನಮ್ಮ ಓಣಿಯ ಮೂವರು ಕೂಡಿ ಮೂರು ವರ್ಷದ ಕೆಳಗೆ ಒಂದು ದೋಣಿ ಮಾಡಿಸಿದರು. ಅವರಲ್ಲಿ ಇಬ್ಬರಿಗೆ ಕೆರೆಯ ದಂಡೆಯಲ್ಲಿ ಹೊಲವಿದೆ. ಮೂರನೆಯವರು ಬಲೆ ಬಿಡುವ ಹಿರಿಯರು. ಹಲಗೆಗೆ ಪ್ಲೈವುಡ್, ಅಂಚಿಗೆ ಸಾಗುವಾನಿ ಪಟ್ಟಿ. ಬಡಿಗನ ಕೈ ಚೆನ್ನಾಗಿತ್ತು. ಮೇಲೆ ಏನು ಹಚ್ಚಬೇಕೆಂದು ನನ್ನನ್ನು ಕೇಳಿದರು. ಹಳ್ಳಿಯಲ್ಲಿ ಮಾಸ್ತರನಾದವನಿಗೆ ಎಲ್ಲವೂ ತಿಳಿದಿರುತ್ತದೆ ಎಂದು ಜನ ನಂಬುತ್ತಾರೆ. ಕೇಳಿಸಿಕೊಂಡು ಕೇಳಿಸಿಕೊಂಡು ಮಾಸ್ತರನೂ ನಂಬತೊಡಗುತ್ತಾನೆ. ನಾನು ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. “ಎಪಾಕ್ಸಿ ಹಚ್ಚಿರಿ, ನೀರು ಮುಟ್ಟುವದಿಲ್ಲ” ಎಂದರು. ನಾನು ಅದೇ ಮಾತನ್ನು ಊರಿಗೆ ತಂದು ಹೇಳಿದೆ. ಮೂರು ಸಲ ಲೇಪವಾಯಿತು. ದೋಣಿ ಜೇನಿನ ಬಣ್ಣದಲ್ಲಿ, ಕನ್ನಡಿಯಂತೆ ಹೊಳೆಯಿತು. ಮರದ ಎಳೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಇದರ ಮೇಲೆ ಬಣ್ಣ ಬಳಿದು ಅಂದ ಕೆಡಿಸುವದು ಬೇಡವೆಂದು ಎಲ್ಲರಿಗೂ ಅನಿಸಿತು, ನನಗೂ ಅನಿಸಿತು.

ದೋಣಿ ಕೆರೆಯ ದಂಡೆಯಲ್ಲಿ ಬಯಲಿನಲ್ಲೇ ಬಿದ್ದಿರುತ್ತಿತ್ತು. ಮೊದಲನೆಯ ಬೇಸಗೆ ಕಳೆಯುವಷ್ಟರಲ್ಲಿ ಹೊಳಪು ಮಾಯವಾಗಿ, ಬಣ್ಣ ಹಳದಿಗೆ ತಿರುಗಿತು. ಎರಡನೆಯ ಬೇಸಗೆಯಲ್ಲಿ ಕೈ ಆಡಿಸಿದರೆ ಸುಣ್ಣದಂಥ ಬಿಳಿ ಪುಡಿ ಅಂಟುತ್ತಿತ್ತು. ಅಂಚಿನ ಪಟ್ಟಿಯ ಹತ್ತಿರ ಲೇಪ ಈರುಳ್ಳಿಯ ಸಿಪ್ಪೆಯಂತೆ ಏಳತೊಡಗಿತು. ಮಳೆ ಬಿದ್ದಾಗ ಆ ಸಿಪ್ಪೆಯ ಸಂದಿನಿಂದ ನೀರು ಪ್ಲೈವುಡ್ಡಿನ ಪದರುಗಳಲ್ಲಿ ಇಳಿಯಿತು. ಹೊರಗಿನಿಂದ ನೋಡಿದವರಿಗೆ ಏನೂ ಕಾಣಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಇಬ್ಬರು ತರುಣರು ಬಲೆ ಎತ್ತಲು ಹೋಗಿದ್ದಾಗ ಪಕ್ಕದ ಹಲಗೆಯ ಬೆಸುಗೆ ಬಿಟ್ಟುಕೊಂಡು ನೀರು ನುಗ್ಗಿತು. ಇಬ್ಬರಲ್ಲಿ ಒಬ್ಬನಿಗೆ ಈಜು ಬರುತ್ತಿರಲಿಲ್ಲ. ದಂಡೆ ಹತ್ತಿರವಿದ್ದುದರಿಂದ ಎದೆಯುದ್ದದ ನೀರಿನಲ್ಲಿ ಕಾಲು ನಿಂತಿತು, ಜೀವ ಉಳಿಯಿತು. ಇನ್ನೂ ಐವತ್ತು ಮೊಳ ಒಳಗೆ ಹೋಗಿದ್ದರೆ ನಾನು ಈ ಲೇಖನವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಸಂಜೆ ಆ ಹಿರಿಯರು ಮನೆಗೆ ಬಂದರು. ಬೈಯಲಿಲ್ಲ. ಚಹಾ ಕುಡಿದು ಎದ್ದು ಹೋಗುವಾಗ ಇಷ್ಟೇ ಹೇಳಿದರು: “ಮಾಸ್ತರ್ರ, ನೀರಿನ ಮಾತ ಹೇಳದ್ರಿ, ಬಿಸಲಿನ ಮಾತ ಹೇಳ್ಲಿಲ್ಲ ನೋಡ್ರಿ.”

ಆ ಒಂದು ಮಾತು ನನ್ನನ್ನು ಮತ್ತೆ ವಿದ್ಯಾರ್ಥಿಯನ್ನಾಗಿ ಮಾಡಿತು.

ಎಪಾಕ್ಸಿ ಎಂದರೇನು

ಹೆಸರು ಹೊಸದಾಗಿ ಕಂಡರೂ ವಸ್ತು ನಮಗೆ ಹಳೆಯ ಪರಿಚಯದ್ದೇ. ಎರಡು ನಳಿಗೆಗಳಿಂದ ಸ್ವಲ್ಪ ಸ್ವಲ್ಪ ಹಿಂಡಿ, ಕಲಸಿ, ಒಡೆದ ವಸ್ತುವಿಗೆ ಹಚ್ಚುವ ಅರಾಲ್ಡೈಟ್ ಅಂಟು ಎಪಾಕ್ಸಿಯೇ. ಪಂಪಿನ ಪೈಪು ಸೋರಿದಾಗ ಎರಡು ಬಣ್ಣದ ಮುದ್ದೆಗಳನ್ನು ರೊಟ್ಟಿಯ ಹಿಟ್ಟಿನಂತೆ ನಾದಿ ಮೆತ್ತುವ ಎಂ-ಸೀಲ್ ಕೂಡ ಎಪಾಕ್ಸಿಯೇ. ದೋಣಿಗೆ ಹಚ್ಚುವದು ಅದೇ ಜಾತಿಯ ತೆಳುವಾದ ದ್ರವ. ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಎರಡೂ ಬೇರೆಯಾಗಿದ್ದಾಗ ಜಿಗುಟು ದ್ರವಗಳು. ಕೂಡಿದ ಮೇಲೆ ಒಂದರ ಅಣುಗಳು ಇನ್ನೊಂದರ ಅಣುಗಳಿಗೆ ಬಲೆಯಂತೆ ಹೆಣೆದುಕೊಂಡು ಕಲ್ಲಿನಂತಾಗುತ್ತವೆ. ಹಾಗೆ ಗಟ್ಟಿಯಾದದ್ದು ಮತ್ತೆ ಕರಗುವದಿಲ್ಲ.

ಇದು ಬಹಳ ಹಳೆಯ ವಸ್ತುವೂ ಅಲ್ಲ. ೧೯೩೦ ಮತ್ತು ೧೯೪೦ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್, ಅಮೆರಿಕದ ಸಿಲ್ವನ್ ಗ್ರೀನ್ಲಿ ಎಂಬವರು ಬೇರೆ ಬೇರೆಯಾಗಿ ಇದನ್ನು ಸಿದ್ಧಪಡಿಸಿದರು. ೧೯೪೬ರಲ್ಲಿ ಸೀಬಾ ಎಂಬ ಸ್ವಿಸ್ ಕಂಪನಿ ಅರಾಲ್ಡೈಟ್ ಹೆಸರಿನಿಂದ ಇದನ್ನು ಪೇಟೆಗೆ ತಂದಿತು. ಮರ, ಕಬ್ಬಿಣ, ಕಾಂಕ್ರೀಟು ಯಾವುದಕ್ಕಾದರೂ ಬಿಗಿಯಾಗಿ ಹಿಡಿಯುವದು, ನೀರನ್ನು ಒಳಗೆ ಬಿಡದಿರುವದು ಇದರ ಎರಡು ದೊಡ್ಡ ಗುಣಗಳು. ಆದುದರಿಂದಲೇ ದೋಣಿ ಕಟ್ಟುವವರು ಇದನ್ನು ಮೆಚ್ಚಿಕೊಂಡರು. ಅಂಗಡಿಯವರು ನನಗೆ ಹೇಳಿದ್ದು ಸುಳ್ಳಲ್ಲ. ಅದು ಅರ್ಧ ಮಾತಾಗಿತ್ತು, ಅಷ್ಟೇ.

ಬಿಸಿಲು ಮಾಡುವ ಹಾನಿ

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಕಿರಣಗಳ ಜೊತೆಗೆ ಕಾಣದ ಕಿರಣಗಳೂ ಇರುತ್ತವೆ. ಅವುಗಳಲ್ಲಿ ನೇರಳಾತೀತ ಕಿರಣಗಳು ಒಂದು ಬಗೆ. ನಮ್ಮ ಮೈ ಕಪ್ಪಾಗುವದು, ಬಾವುಟದ ಬಣ್ಣ ಹಾರುವದು, ಪ್ಲಾಸ್ಟಿಕ್ ಬಕೆಟ್ಟು ಎರಡು ವರ್ಷದಲ್ಲಿ ಹಪ್ಪಳದಂತೆ ಮುರಿಯುವದು ಬಹುಮಟ್ಟಿಗೆ ಇವುಗಳ ಪ್ರತಾಪ. ಎಪಾಕ್ಸಿಯ ಅಣುಗಳ ರಚನೆಯಲ್ಲಿ ಈ ಕಿರಣಗಳನ್ನು ಹೀರಿಕೊಳ್ಳುವ ಉಂಗುರಗಳು ಇರುತ್ತವೆ. ಹೀರಿದ ಶಕ್ತಿಯಿಂದ ಹೆಣಿಗೆಯ ಕೊಂಡಿಗಳು ಒಂದೊಂದಾಗಿ ಕಡಿದುಬೀಳುತ್ತವೆ. ಗಾಳಿಯ ಆಮ್ಲಜನಕವೂ ಅದಕ್ಕೆ ಕೈಜೋಡಿಸುತ್ತದೆ. ಮೊದಲು ಹಳದಿ, ಆಮೇಲೆ ಹೊಳಪು ಹೋಗುವದು, ಕೊನೆಗೆ ಬಿಳಿ ಪುಡಿ. ಮಳೆ ಪುಡಿಯನ್ನು ತೊಳೆದೊಯ್ಯುತ್ತದೆ. ಕೆಳಗಿನ ಹೊಸ ಪದರು ಬಿಸಿಲಿಗೆ ಬೀಳುತ್ತದೆ. ಹೀಗೆ ಇಲಿ ಚೀಲ ಕಡಿದಂತೆ ಲೇಪ ದಿನದಿನಕ್ಕೆ ತೆಳುವಾಗುತ್ತದೆ.

ಲೇಪ ಪಾರದರ್ಶಕವಾಗಿದ್ದರೆ ಎರಡನೆಯ ಹಾನಿಯೂ ಉಂಟು. ಕಿರಣಗಳ ಒಂದು ಭಾಗ ಲೇಪವನ್ನು ದಾಟಿ ಕೆಳಗಿನ ಮರವನ್ನು ಮುಟ್ಟುತ್ತದೆ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟುದ್ರವ್ಯ ಈ ಕಿರಣಗಳಿಗೆ ಬೇಗ ಕೆಡುತ್ತದೆ. ಆಗ ಮರದ ಮೇಲ್ಪದರೇ ಸಡಿಲಾಗಿ, ಅದನ್ನು ಹಿಡಿದುಕೊಂಡಿದ್ದ ಲೇಪವೂ ಕಳಚುತ್ತದೆ. ಗೋಡೆಯ ಮಣ್ಣು ಉದುರಿದರೆ ಮೇಲಿನ ಸುಣ್ಣ ನಿಲ್ಲುವದುಂಟೇ? ನಮ್ಮ ದೋಣಿಯ ಅಂಚಿನಲ್ಲಿ ಸಿಪ್ಪೆ ಎದ್ದದ್ದು ಹೀಗೆಯೇ.

ಮೂರನೆಯದು ಕಾವು. ಮನೆಯ ಹವೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ ಸುಮಾರು ೫೦ರಿಂದ ೬೦ ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಮೆತ್ತಗಾಗತೊಡಗುತ್ತದೆ. ನಮ್ಮ ಬೇಸಗೆಯ ನೆರಳಿನ ಕಾವೇ ೪೦ ದಾಟುವದುಂಟು. ಬಯಲಿನಲ್ಲಿ ಬಿದ್ದ ಕಪ್ಪು ಅಥವಾ ಕಂದು ಬಣ್ಣದ ವಸ್ತುವಿನ ಮೈ ೬೫ರ ಮೇಲೂ ಏರಬಲ್ಲದು. ಮಧ್ಯಾಹ್ನ ಮೆತ್ತಗಾಗಿ ರಾತ್ರಿ ಗಟ್ಟಿಯಾಗುವ ಲೇಪ, ಕೆಳಗೆ ಹಿಗ್ಗಿ ಕುಗ್ಗುವ ಮರ: ಇವೆರಡರ ನಡುವೆ ಬಿರುಕು ಬೀಳಲು ತಡವಿಲ್ಲ.

ಇನ್ನೊಂದು ಮಾತನ್ನು ಗಮನಿಸತಕ್ಕದ್ದು. ನಮ್ಮ ಪ್ರಾಂತ ಸುಮಾರು ೧೮ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೇರವಾಗಿ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ. ಆದ್ದರಿಂದ ಮೇಲ್ಮೊಗವಾಗಿರುವ ಭಾಗಗಳಿಗೆ, ಅಂದರೆ ಕೂಡುವ ಹಲಗೆ, ಅಂಚಿನ ಪಟ್ಟಿ, ಮೂತಿಯ ಮೇಲ್ಭಾಗಗಳಿಗೆ ಹೊಡೆತ ಹೆಚ್ಚು. ಪಕ್ಕದ ಹಲಗೆ ಚೆನ್ನಾಗಿದೆಯೆಂದು ಮೋಸ ಹೋಗಬಾರದು. ದೋಣಿಯನ್ನು ಪರೀಕ್ಷಿಸುವಾಗ ಮೊದಲು ಅಂಚಿನ ಮೇಲೆ ಬೆರಳು ಎಳೆದು ನೋಡಬೇಕು.

ಹಿರಿಯರು ಬಿಸಿಲನ್ನು ಮರೆತಿರಲಿಲ್ಲ

ಕನ್ನಡ ನಾಡಿಗೆ ದೋಣಿ ಹೊಸದಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂತೆ ಗುಂಡಗಿದ್ದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಅದರಲ್ಲಿ ದಾಟುತ್ತಿದ್ದರೆಂದೂ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದಾಗಿತ್ತೆಂದೂ ಹೇಳಿದ್ದಾನೆ. ಅದೇ ನಮ್ಮ ಹರಿಗೋಲು. ತುಂಗಭದ್ರೆಯಲ್ಲಿ ಅದು ಇಂದಿಗೂ ಇದೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು; ಈಗ ಫೈಬರಿನ ಹರಿಗೋಲುಗಳೂ ಕಾಣುತ್ತವೆ. ಹೊದಿಕೆ ಎಷ್ಟು ಸಲ ಬದಲಾದರೂ ಒಂದು ನಿಯಮ ಬದಲಾಗಿಲ್ಲ: ಹೊದಿಕೆ ಸವೆಯುವ ವಸ್ತು, ಅದನ್ನು ಕಾಲಕಾಲಕ್ಕೆ ಹೊಸದು ಮಾಡಲೇಬೇಕು.

ಪಡುವಣ ಕರಾವಳಿಯ ಮೀನುಗಾರರು ಮರದ ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ತೆಂಗಿನ ಗರಿಯ ಚಪ್ಪರದ ಕೆಳಗೆ ಇಡುತ್ತಿದ್ದರು. ಕೊಚ್ಚಿಯಲ್ಲಿ ೧೯೫೭ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಮುಂದೆ ಅಗ್ಗದ ರಬ್ಬರ್ ಮರಕ್ಕೆ ಔಷಧ ಕೊಟ್ಟು, ಮೇಲೆ ಗಾಜಿನ ನಾರು ಮತ್ತು ರಾಳದ ಹೊದಿಕೆ ಹಾಕಿ ದೋಣಿ ಮಾಡುವ ಕ್ರಮವನ್ನು ಬಳಕೆಗೆ ತಂದರು. ಎಣ್ಣೆಯ ಕಾಲದಲ್ಲಾಗಲಿ ರಾಳದ ಕಾಲದಲ್ಲಾಗಲಿ ನೀರಿನಿಂದ ಕಾಯುವದು ಒಂದು ಕೆಲಸ, ಬಿಸಿಲಿನಿಂದ ಕಾಯುವದು ಇನ್ನೊಂದು ಕೆಲಸ. ಒಂದೇ ವಸ್ತು ಎರಡನ್ನೂ ಮಾಡುತ್ತದೆಂದು ನಂಬಿದ್ದು ನನ್ನ ತಪ್ಪು.

ಶಾಲೆಯ ಮಾಳಿಗೆಯ ಮೇಲಿನ ಹಲಗೆ

ಓದಿದ್ದನ್ನು ಕಣ್ಣಿನಿಂದ ನೋಡಬೇಕೆಂದು ಶಾಲೆಯ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದೆ. ಮೂರು ಅಡಿ ಉದ್ದದ ಪ್ಲೈವುಡ್ ಹಲಗೆಗೆ ಪೂರ್ತಿಯಾಗಿ ಮೂರು ಸಲ ಎಪಾಕ್ಸಿ ಹಚ್ಚಿದೆವು. ಒಣಗಿದ ಮೇಲೆ ನಾಲ್ಕು ಭಾಗ ಮಾಡಿ ಗೆರೆ ಎಳೆದೆವು. ಮೊದಲನೆಯದನ್ನು ಹಾಗೆಯೇ ಬಿಟ್ಟೆವು. ಎರಡನೆಯದಕ್ಕೆ ಹೊರಾಂಗಣದ ವಾರ್ನಿಶ್ ಐದು ಸಲ. ಮೂರನೆಯದಕ್ಕೆ ಬಿಳಿ ಬಣ್ಣ ಎರಡು ಸಲ. ನಾಲ್ಕನೆಯದರ ಮೇಲೆ ತಗಡಿನ ತುಂಡೊಂದನ್ನು ಗೇಣಿನ ಅಂತರದಲ್ಲಿ ನೆರಳಾಗುವಂತೆ ಕಟ್ಟಿದೆವು. ಹಲಗೆಯನ್ನು ಮಾಳಿಗೆಯ ಮೇಲೆ ದಕ್ಷಿಣಕ್ಕೆ ಓರೆಯಾಗಿ ಇಟ್ಟು, ಪ್ರತಿ ಅಮಾವಾಸ್ಯೆಯ ಮರುದಿನ ಮಕ್ಕಳು ಕೈವಸ್ತ್ರದಿಂದ ಒರೆಸಿ ವಹಿಯಲ್ಲಿ ಬರೆದಿಟ್ಟರು.

ಒಂದು ವರ್ಷದ ಮೇಲೆ ನೋಡಿದಾಗ ಮೊದಲನೆಯ ಭಾಗದಿಂದ ಕಪ್ಪು ಬಟ್ಟೆಗೆ ಬಿಳಿ ಪುಡಿ ಧಾರಾಳವಾಗಿ ಬಂದಿತು. ವಾರ್ನಿಶ್ ಭಾಗದ ಹೊಳಪು ಕುಂದಿತ್ತು, ಆದರೆ ಕೆಳಗಿನ ಎಪಾಕ್ಸಿ ಗಟ್ಟಿಯಾಗಿತ್ತು. ಬಿಳಿ ಬಣ್ಣದ ಭಾಗದಲ್ಲಿ ಬಣ್ಣವನ್ನು ಕೆರೆದು ನೋಡಿದರೆ ಎಪಾಕ್ಸಿ ಹಚ್ಚಿದ ದಿನದಂತೆಯೇ ಇತ್ತು. ತಗಡಿನ ನೆರಳಿನ ಭಾಗ ಬಹುತೇಕ ಹೊಸದರಂತೆಯೇ ಇತ್ತು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು, “ಹಂಗಾದ್ರ ಸರ್, ಎಲ್ಲಕ್ಕಿಂತ ಸೋವಿ ಅಂದ್ರ ನೆಳ್ಳ ಅದ” ಎಂದಳು. ಇಡೀ ಪಾಠದ ಸಾರ ಅವಳ ಬಾಯಲ್ಲಿ ಬಂದಿತ್ತು.

ಕಾಪಿನ ಕ್ರಮ

ಇನ್ನು ನಾವು ಆ ದೋಣಿಯನ್ನು ಸರಿಪಡಿಸಿದ ರೀತಿಯನ್ನು ಹೇಳುತ್ತೇನೆ. ಹೊಸ ದೋಣಿ ಮಾಡಿಸುವವರು ನಾಲ್ಕನೆಯ ಅಂಶದಿಂದ ಓದಿದರೆ ಸಾಕು.

೧. ದೋಣಿಯನ್ನು ನೆರಳಿನಲ್ಲಿ ಮಗುಚಿ ಹಾಕಿ, ನೀರು ಮತ್ತು ತೆಂಗಿನ ನಾರಿನಿಂದ ಪುಡಿಯನ್ನೆಲ್ಲ ಉಜ್ಜಿ ತೊಳೆಯಬೇಕು. ಆಮೇಲೆ ಗಾಳಿಯಾಡುವಲ್ಲಿ ಒಣಗಬಿಡಬೇಕು. ಪ್ಲೈವುಡ್ಡಿನ ಒಳಗೆ ಹಸಿ ಇದ್ದರೆ ಒಂದು ವಾರ ಸಾಲದು. ನಮ್ಮದಕ್ಕೆ ಮೂರು ವಾರ ಹಿಡಿಯಿತು. ಹಸಿಯ ಮೇಲೆ ಲೇಪ ಹಾಕುವದೆಂದರೆ ರೋಗವನ್ನು ಒಳಗಿಟ್ಟು ಗಾಯ ಹೊಲಿದಂತೆ.

೨. ಕೊಳೆತ ಭಾಗವನ್ನು ಮೋಹವಿಲ್ಲದೆ ಕತ್ತರಿಸಿ ತೆಗೆದು ಹೊಸ ತುಂಡು ಕೂಡಿಸಬೇಕು. ತುಂಡು ನೀರು ತಡೆಯುವ ಜಾತಿಯ ಪ್ಲೈವುಡ್ಡಿನದಿರಲಿ. ಮರೈನ್ ಪ್ಲೈವುಡ್ಡಿನ ಮೇಲೆ ಐ.ಎಸ್. ೭೧೦ ಎಂಬ ಮುದ್ರೆ ಇರುತ್ತದೆ. ಅದನ್ನು ನೋಡಿ ಕೊಳ್ಳಬೇಕು.

೩. ಉಳಿದ ಹಳೆಯ ಲೇಪವನ್ನು ೮೦ ನಂಬರಿನ ಪಾಲಿಶ್ ಪೇಪರಿನಿಂದ ಗಟ್ಟಿಯಾದ ಪದರು ಸಿಕ್ಕುವವರೆಗೆ ಉಜ್ಜಬೇಕು. ಉಗುರಿನಿಂದ ಎಬ್ಬಿಸಿದರೆ ಏಳುವ ಲೇಪವನ್ನು ಉಳಿಸಬಾರದು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳತಕ್ಕದ್ದು.

೪. ರಾಳ ಮತ್ತು ಹಾರ್ಡನರುಗಳ ಪ್ರಮಾಣ ಡಬ್ಬಿಯ ಮೇಲೆ ಬರೆದಂತೆಯೇ ಇರಬೇಕು. ಒಂದೊಂದು ಬಗೆಗೆ ಒಂದೊಂದು ಪ್ರಮಾಣ. ಕೆಲವಕ್ಕೆ ಅಳತೆ, ಕೆಲವಕ್ಕೆ ತೂಕ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಹೆಚ್ಚಾದದ್ದು ಕೂಡಿಕೊಳ್ಳದೆ ಉಳಿದು ಲೇಪವನ್ನು ದುರ್ಬಲ ಮಾಡುತ್ತದೆ. ಕಲಸಿದ ಮೇಲೆ ಪಾತ್ರೆಯಲ್ಲಿ ರಾಶಿಯಾಗಿ ಬಿಟ್ಟರೆ ತನ್ನ ಕಾವಿನಿಂದ ತಾನೇ ಕುದಿದು ಹೊಗೆಯಾಡುವದುಂಟು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ ಕೂಡಲೇ ಹಚ್ಚಿ ಮುಗಿಸಬೇಕು. ಕೈಗೆ ಗವಸು ಬೇಕೇ ಬೇಕು. ಇದು ಚರ್ಮಕ್ಕೆ ಹತ್ತಿದರೆ ಕೆಲವರಿಗೆ ತುರಿಕೆ, ಗಂಧೆ ಏಳುತ್ತವೆ. ಒಮ್ಮೆ ಹಾಗಾದವರಿಗೆ ಮುಂದೆ ಸ್ವಲ್ಪ ಮುಟ್ಟಿದರೂ ಏಳುತ್ತವೆ. ಹತ್ತಿದರೆ ಸೋಪು ನೀರಿನಿಂದ ತೊಳೆಯಬೇಕು, ಥಿನ್ನರ್ ಉಜ್ಜಬಾರದು.

೫. ಮೂರು ಸಲ ಲೇಪ ಹಚ್ಚಬೇಕು. ಪ್ಲೈವುಡ್ಡಿನ ಕೊಯ್ದ ಅಂಚು ಮತ್ತು ಸ್ಕ್ರೂವಿನ ತೂತುಗಳು ಸ್ಪಂಜಿನಂತೆ ಹೀರುತ್ತವೆ. ಅಲ್ಲಿ ಇನ್ನೊಂದು ಸಲ ಹೆಚ್ಚಿಗೆ ಹಚ್ಚಬೇಕು. ಬೆಸುಗೆಗಳ ಮೇಲೆ ಗಾಜಿನ ನಾರಿನ ಪಟ್ಟಿ ಇಟ್ಟು ಲೇಪಿಸಿದರೆ ಬಲ ಬರುತ್ತದೆ. ಬೆಳಗಿನಲ್ಲಿ ಮರ ಕಾಯತೊಡಗಿದಾಗ ಅದರೊಳಗಿನ ಗಾಳಿ ಹಿಗ್ಗಿ ಹೊರಬಂದು ಲೇಪದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ನೆರಳಿನಲ್ಲಿ, ಮಧ್ಯಾಹ್ನ ಇಳಿದ ಮೇಲೆ ಹಚ್ಚುವದು ಮೇಲು. ಆದರೆ ರಾತ್ರಿಯ ಇಬ್ಬನಿ ಹಸಿ ಲೇಪದ ಮೇಲೆ ಬೀಳದಂತೆ ಮಾಡಿನ ಕೆಳಗೆ ಇಡಬೇಕು.

೬. ಎಪಾಕ್ಸಿ ಗಟ್ಟಿಯಾದ ಮೇಲೆ ಮೈಮೇಲೆ ಮೇಣದಂಥ ಜಿಡ್ಡು ಕೂಡುವದುಂಟು. ಅದರ ಮೇಲೆ ಬಣ್ಣ ನಿಲ್ಲುವದಿಲ್ಲ. ಒಂದು ವಾರ ಬಿಟ್ಟು, ಬರಿ ನೀರಿನಿಂದ ಉಜ್ಜಿ ತೊಳೆದು, ಒರೆಸಿ, ಆಮೇಲೆಯೇ ೧೨೦, ಅನಂತರ ೨೨೦ ನಂಬರಿನ ಪೇಪರಿನಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಎಲ್ಲ ಕಡೆ ಹರಡುತ್ತದೆ. ಬಣ್ಣ ಕಿತ್ತು ಬರಲು ಬಹಳ ಸಲ ಇದೇ ಕಾರಣ.

೭. ಈಗ ಮುಖ್ಯ ಕೆಲಸ: ಬಿಸಿಲಿಗೆ ಕೊಡೆ ಹಿಡಿಯುವ ಮೇಲ್ಲೇಪ. ಇದರಲ್ಲಿ ಎರಡು ದಾರಿಗಳಿವೆ. ಮರದ ಅಂದ ಕಾಣಬೇಕೆಂದರೆ ನೇರಳಾತೀತ ಕಿರಣ ತಡೆಯುವ ದ್ರವ್ಯ ಕೂಡಿದ ಹೊರಾಂಗಣದ ವಾರ್ನಿಶ್ ಐದಾರು ಸಲ ಹಚ್ಚಬೇಕು. ಪ್ರತಿ ವರ್ಷ ತಪ್ಪದೆ ಉಜ್ಜಿ ಮತ್ತೆ ಒಂದೆರಡು ಸಲ ಹಚ್ಚಬೇಕು. ಮನೆಯೊಳಗಿನ ಮೇಜು ಕುರ್ಚಿಯ ವಾರ್ನಿಶ್ ಇದಕ್ಕೆ ನಡೆಯದು. ಅಂದಕ್ಕಿಂತ ಬಾಳಿಕೆ ಮುಖ್ಯವೆಂದರೆ ಬಣ್ಣವೇ ಸರಿ. ಬಣ್ಣದೊಳಗಿನ ಪುಡಿ ಬೆಳಕನ್ನು ಕೆಳಗೆ ಬಿಡುವದೇ ಇಲ್ಲ. ಬಿಳಿ ಬಣ್ಣದಲ್ಲಿರುವ ಟೈಟೇನಿಯಂ ಡೈ ಆಕ್ಸೈಡ್ ಕಿರಣವನ್ನೂ ತಡೆಯುತ್ತದೆ, ಕಾವನ್ನೂ ಏರಗೊಡುವದಿಲ್ಲ. ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ಅದರ ಹಾರ್ಡನರಿನ ಆವಿ ಉಸಿರಿಗೆ ಅಪಾಯಕಾರಿ. ಬಯಲು ಗಾಳಿಯಲ್ಲಿ ಬ್ರಶ್ಶಿನಿಂದ ಮಾತ್ರ ಹಚ್ಚಬೇಕು, ಪಂಪಿನಿಂದ ಸಿಂಪಡಿಸಕೂಡದು.

೮. ಬಾಗಿಲು ಕಿಟಕಿಗೆ ಹಚ್ಚುವ ಸಾಮಾನ್ಯ ಆಯಿಲ್ ಪೇಂಟ್ ಕೆಲವು ಎಪಾಕ್ಸಿಗಳ ಮೇಲೆ ಒಣಗದೆ ಜಿಗಟಾಗಿಯೇ ಉಳಿಯುವದುಂಟು. ಆದ್ದರಿಂದ ಮೊದಲು ಅಂಗೈ ಅಗಲದ ಜಾಗದಲ್ಲಿ ಹಚ್ಚಿ ಎರಡು ದಿನ ನೋಡಬೇಕು. ಒಣಗಿದರೆ ಮುಂದುವರಿಯಬೇಕು. ಇಲ್ಲವಾದರೆ ನಡುವೆ ಹೊಂದುವ ಪ್ರೈಮರ್ ಬೇಕು. ಎಪಾಕ್ಸಿ ಪ್ರೈಮರ್ ಹಚ್ಚಿ ಅಷ್ಟಕ್ಕೇ ಬಿಡಬಾರದು. ಅದೂ ಎಪಾಕ್ಸಿಯೇ, ಅದೂ ಪುಡಿಯಾಗುತ್ತದೆ.

ನಮ್ಮ ಮೂವರು ಬಿಳಿ ಬಣ್ಣವನ್ನೇ ಆರಿಸಿಕೊಂಡರು. ಜೇನುಬಣ್ಣದ ಹೊಳಪು ಹೋಯಿತೆಂದು ಬಡಿಗನಿಗೆ ಸ್ವಲ್ಪ ಬೇಸರವಾಯಿತು. ಹಿರಿಯರು ಮಾತ್ರ, “ಹೊಳಪ ನೋಡಕೋತ ಮುಳಗೂದ್ಕಿಂತ ಬೆಳ್ಳಗ ತೇಲೂದ ಬೇಸಿ” ಎಂದರು.

ಯಾವಾಗ ಮಾಡಬೇಕು, ಎಲ್ಲಿ ಇಡಬೇಕು

ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನಿಂದ ಎಳ್ಳಮಾವಾಸ್ಯೆಯವರೆಗಿನ ಕಾಲ ಉತ್ತಮ. ಮಳೆ ನಿಂತಿರುತ್ತದೆ, ಗಾಳಿ ಒಣಗಿರುತ್ತದೆ, ಹಗಲಿನ ಕಾವು ಹಿತವಾಗಿರುತ್ತದೆ. ಏಪ್ರಿಲ್ ಮೇ ತಿಂಗಳ ಕಾವಿನಲ್ಲಿ ಕಲಸಿದ ಎಪಾಕ್ಸಿ ಬ್ರಶ್ಶಿಗೆ ಹತ್ತುವ ಮೊದಲೇ ಬಿಗಿದುಕೊಳ್ಳುತ್ತದೆ. ಸ್ಥೂಲವಾಗಿ ಹೇಳುವದಾದರೆ ಕಾವು ೧೦ ಡಿಗ್ರಿ ಏರಿದರೆ ಕೈಯಲ್ಲಿ ಉಳಿಯುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಮಿರ್ಗದ ಮಳೆ ಬಿದ್ದ ಮೇಲೆ ಮರ ಒಣಗುವದಿಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿಯ ಮುಂಚೆ ಒಮ್ಮೆ ಮತ್ತು ಮಿರ್ಗದ ಮುಂಚೆ ಒಮ್ಮೆ, ಕಪ್ಪು ಬಟ್ಟೆಯಿಂದ ಅಂಚನ್ನು ಒರೆಸಿ ನೋಡಬೇಕು. ಬಟ್ಟೆಗೆ ಬಿಳಿ ಹತ್ತಿದರೆ ಮೇಲ್ಲೇಪ ಸವೆಯುತ್ತಿದೆ ಎಂದು ತಿಳಿಯಬೇಕು. ಎಪಾಕ್ಸಿ ಕಾಣಿಸಿಕೊಳ್ಳುವವರೆಗೆ ಕಾಯದೆ, ಮೇಲ್ಲೇಪ ಇನ್ನೂ ಇರುವಾಗಲೇ ಅದನ್ನು ಹೊಸದು ಮಾಡಿದರೆ ಒಂದು ದಿನದ ಕೆಲಸ. ಕಾದರೆ ಒಂದು ತಿಂಗಳ ಕೆಲಸ.

ಬಣ್ಣ ಎಷ್ಟೇ ಒಳ್ಳೆಯದಿರಲಿ, ನೆರಳಿಗೆ ಸರಿಯಾದದ್ದಿಲ್ಲ. ದೋಣಿ ಕೆಲಸವಿಲ್ಲದೆ ಬಿದ್ದಿರುವ ಹೊತ್ತೇ ಹೆಚ್ಚು. ಬಿಸಿಲು ತಿನ್ನುವದೂ ಆಗಲೇ. ದಂಡೆಯಲ್ಲಿ ನಾಲ್ಕು ಕಂಬ ನೆಟ್ಟು ಕಬ್ಬಿನ ರವದಿ ಅಥವಾ ಜೋಳದ ಕಣಿಕೆಯ ಹಂದರ ಹಾಕಿದರೆ ಕೈಯಿಂದ ಖರ್ಚಾಗುವದು ಬಹಳ ಕಡಿಮೆ. ಹಂದರದ ಕೆಳಗೆ ಎರಡು ದಿಮ್ಮಿಗಳ ಮೇಲೆ ದೋಣಿಯನ್ನು ಮಗುಚಿ ಇಟ್ಟರೆ ಮಳೆನೀರೂ ನಿಲ್ಲುವದಿಲ್ಲ, ನೆಲದ ತೇವವೂ ತಾಗುವದಿಲ್ಲ. ತಾಡಪತ್ರಿ ಹೊದಿಸುವವರು ಅದನ್ನು ಬಿಗಿಯಾಗಿ ಸುತ್ತಬಾರದು. ಒಳಗೆ ಬೆವರು ಕೂತು ಮರ ಕೊಳೆಯುತ್ತದೆ. ಕೆಳಗಿನಿಂದ ಗಾಳಿ ಆಡಬೇಕು. ಅಗ್ಗದ ಪ್ಲಾಸ್ಟಿಕ್ ತಾಡಪತ್ರಿಯೂ ಬಿಸಿಲಿಗೆ ಹರಿಯುವ ವಸ್ತುವೇ ಎಂಬುದನ್ನು ಮರೆಯಬಾರದು.

ಫೈಬರ್ ದೋಣಿ ಕೊಂಡವರು ತಮಗೆ ಈ ಮಾತು ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಡಿರಿ. ಅದರಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಎಂಬ ಬೇರೆ ರಾಳ ಇರುತ್ತದೆ, ಮೇಲೆ ಬಣ್ಣದ ಪದರು ಇರುತ್ತದೆ. ಅದೂ ಕಾಲಕ್ರಮದಲ್ಲಿ ಪುಡಿಯಾಗಿ ಒಳಗಿನ ಗಾಜಿನ ನಾರು ಹೊರಬೀಳುತ್ತದೆ. ನೆರಳು ಅದಕ್ಕೂ ಬೇಕು.

ದೋಣಿ ಇಲ್ಲದವರಿಗೂ ಒಂದು ಮಾತು

ಈ ಪಾಠವನ್ನು ಹೊಲದ ಇತರ ವಸ್ತುಗಳಿಗೂ ಹೊಂದಿಸಿಕೊಳ್ಳಬಹುದು. ಬಿಸಿಲಿಗೆ ಬಿದ್ದ ಪೈಪಿಗೆ ಎಪಾಕ್ಸಿ ಮುದ್ದೆ ಮೆತ್ತಿದ್ದರೆ, ಅದು ಗಟ್ಟಿಯಾದ ಮೇಲೆ ಸ್ವಲ್ಪ ಬಣ್ಣ ಬಳಿಯಿರಿ. ಪಿ.ವಿ.ಸಿ. ಪೈಪನ್ನು ನೆಲದೊಳಗೆ ಹೂಳಿರಿ. ಮೇಲೆ ಉಳಿದ ಭಾಗಕ್ಕೆ ಗೋಡೆಗೆ ಹಚ್ಚುವ ನೀರಿನ ಬಣ್ಣವನ್ನು ತಿಳಿಯಾದ ವರ್ಣದಲ್ಲಿ ಹಚ್ಚಿರಿ. ಹನಿ ನೀರಾವರಿಯ ನಳಿಗೆ, ಎಚ್.ಡಿ.ಪಿ.ಇ. ಪೈಪು ಕಪ್ಪಗಿರುವದು ಅಂದಕ್ಕಾಗಿ ಅಲ್ಲ. ಅದರಲ್ಲಿ ನೂರಕ್ಕೆ ಎರಡು ಎರಡೂವರೆ ಪಾಲು ಕಾಡಿಗೆಯಂಥ ಕಾರ್ಬನ್ ಪುಡಿ ಕೂಡಿಸಿರುತ್ತಾರೆ. ಆ ಕಪ್ಪು ಕಿರಣವನ್ನು ತಾನು ನುಂಗಿ ಪೈಪನ್ನು ಉಳಿಸುತ್ತದೆ. ಕಪ್ಪು ಕಾವನ್ನು ಏರಿಸುತ್ತದಾದರೂ ಆ ಪೈಪು ಎಪಾಕ್ಸಿಯಂತೆ ಮರದ ಮೇಲಿನ ತೆಳು ಪದರಲ್ಲ, ತಾನೇ ಹಿಗ್ಗಿ ಕುಗ್ಗಬಲ್ಲದು. ಹೀಗೆ ಒಂದೊಂದು ವಸ್ತುವಿಗೆ ಒಂದೊಂದು ಕೊಡೆ.

ಯಾವ ಹೊಸ ವಸ್ತುವನ್ನು ಮನೆಗೆ ತರುವಾಗಲೂ ಅಂಗಡಿಯವರಿಗೆ ಎರಡು ಪ್ರಶ್ನೆ ಹಾಕಿರಿ ಎಂದು ನನ್ನ ಅರಿಕೆ: ಇದು ನೀರಿಗೆ ಹೇಗೆ? ಇದು ಬಿಸಿಲಿಗೆ ಹೇಗೆ? ನಮ್ಮ ನಾಡಿನಲ್ಲಿ ನೀರು ಕೆಲವು ತಿಂಗಳ ಅತಿಥಿ. ಬಿಸಿಲು ಮನೆಯ ಯಜಮಾನ. ಮಾಸ್ತರನನ್ನು ಕೇಳಿದರೂ ಈ ಎರಡು ಪ್ರಶ್ನೆ ಬಿಡಬೇಡಿರಿ.

ಬಿಳಿಯ ದೋಣಿ ಈಗ ನಮ್ಮ ಕೆರೆಯ ದಂಡೆಯಲ್ಲಿ ರವದಿಯ ಹಂದರದ ಕೆಳಗೆ ಮಗುಚಿಕೊಂಡಿದೆ. ಆ ದಿನ ಎದೆಯುದ್ದದ ನೀರಿನಲ್ಲಿ ನಿಂತಿದ್ದ ಹುಡುಗ ಈ ಬೇಸಗೆಯಲ್ಲಿ ಈಜು ಕಲಿತನು. ಕಪ್ಪು ಬಟ್ಟೆ ಹಿಡಿದು ಅಂಚು ಒರೆಸಿ ನೋಡುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದಾನೆ.